ಡಾಕ್ಟರು ಹಿಡಿಸಿದ ವ್ರತ

ಜೂನ್ 24, ಮಂಗಳವಾರ

ಇವತ್ತಿನಿಂದ ನಾನು ಮೂಕಿ. ಇಷ್ಟು ವರ್ಷ ಎಲ್ಲರ ಬಾಯಿ ಮುಚ್ಚಿಸಿದವಳ ಬಾಯಿಯನ್ನು ಒಬ್ಬ ಗಂಟಲಿನ ಡಾಕ್ಟರು, ನನ್ನ ಕೈಯಲ್ಲಿ ಅಕ್ಷರ ಕಲಿಯಬೇಕಾದಷ್ಟು ಸಣ್ಣವನು, ಐದು ನಿಮಿಷದಲ್ಲಿ ಮುಚ್ಚಿಸಿಬಿಟ್ಟ. ಗಂಟಲಲ್ಲಿ ನಳಿಕೆ ಇಳಿಸಿ ಟೀವಿಯಂಥ ಪರದೆಯ ಮೇಲೆ ನನಗೂ ತೋರಿಸಿದ. ಧ್ವನಿ ಹೊರಡುವ ಎರಡು ಪಟ್ಟಿಗಳು, ಅವುಗಳ ಅಂಚಿಗೆ ಜೋಳದ ನುಚ್ಚಿನಷ್ಟು ಎರಡು ಗಂಟು. ಕೂಗಿ ಕೂಗಿ ಪಾಠ ಹೇಳಿದ್ದಕ್ಕೆ ಸಿಕ್ಕ ಬಹುಮಾನ. ಕೆಟ್ಟ ರೋಗವಲ್ಲವಂತೆ. ಆದರೆ ತಾನು ಹೇಳುವ ತನಕ ಒಂದಕ್ಷರ ಆಡಬಾರದು, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು. ಕರಗಿದರೆ ಸರಿ, ಕರಗದಿದ್ದರೆ ಕೊಯ್ಯಬೇಕು, ಕೊಯ್ದ ಮೇಲೆ ಇದೇ ಧ್ವನಿ ಉಳಿಯುತ್ತದೆಂದು ಭರವಸೆ ಕೊಡಲಾರೆ ಎಂದ.

ಈ ಧ್ವನಿ ಬಿಟ್ಟರೆ ನನ್ನ ಹತ್ತಿರ ಇರುವುದಾದರೂ ಏನು? ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಈ ತೆಲುಗು ಊರಿನಲ್ಲಿ, ಸುಲ್ತಾನ್ ಬಜಾರಿನ ಹಿಂದಿನ ಓಣಿಯ ನಮ್ಮ ಕನ್ನಡ ಶಾಲೆಯಲ್ಲಿ ಕರೆಂಟು ಹೋಗಿ ಮೈಕು ಬಂದಾದರೆ ಎಲ್ಲರೂ ತಿರುಗಿ ನನ್ನ ಕಡೆ ನೋಡುತ್ತಾರೆ. ಅಷ್ಟೇ ನನ್ನ ಆಸ್ತಿ.

ಹೆಡ್‌ಮಾಸ್ತರ ನರಸಿಂಹ ಸರ್ ಡಾಕ್ಟರ ಚೀಟಿ ಓದಿ ಕನ್ನಡ ಪಾಠಗಳನ್ನೆಲ್ಲ ಹೊಸ ಟೀಚರ್ ದೀಪಾಲಿಗೆ ಕೊಟ್ಟರು. ನನಗೆ ಉಳಿದದ್ದು ಏಳನೇ ಇಯತ್ತೆಯ ‘ನನ್ನನ್ನು ನಾನು ಅರಿಯುವೆ’ ಎಂಬ ಬರವಣಿಗೆಯ ಪೀರಿಯಡ್, ಬುಧವಾರ ಒಂದು, ಶುಕ್ರವಾರ ಒಂದು. ಆಡಳಿತ ಮಂಡಳಿಯವರು ಯಾವುದೋ ತರಬೇತಿಗೆ ಹೋದಾಗ ಹೊತ್ತು ತಂದದ್ದು. ಮಕ್ಕಳು ತಮ್ಮ ಗುಣ, ತಪ್ಪು, ಆಸೆ ಎಲ್ಲ ತಾವೇ ಯೋಚಿಸಿ ಬರೆಯಬೇಕು, ಅದು ಪ್ರಗತಿ ಕಾರ್ಡಿಗೆ ಹೋಗಬೇಕು. ಯಾವ ಟೀಚರೂ ತಗೊಳ್ಳಲು ತಯಾರಿಲ್ಲದ ಪೀರಿಯಡ್. “ಇದಕ್ಕ ಬಾಯಿ ಬೇಕಾಗಂಗಿಲ್ಲ ಅಲ್ರಿ, ಸುಮತಿ ಟೀಚರ್,” ಅಂದರು ಸರ್. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಅಂದರು. ನನಗೆ ಅಳು ಬಂತು. ಅಳುವಾಗಲೂ ಸದ್ದು ಮಾಡಬಾರದಂತೆ.

ಬಾಯಿಯ ತುರಿಕೆ ಎಲ್ಲಾದರೂ ಹೋಗಬೇಕಲ್ಲ. ಅದಕ್ಕೆ ಈ ಡೈರಿ.

ಜೂನ್ 27, ಶುಕ್ರವಾರ

ಬೋರ್ಡಿನ ಮೇಲೆ ‘ನಾನು’ ಎಂದು ದೊಡ್ಡದಾಗಿ ಬರೆದು, ಬರೆಯಿರಿ ಅಂತ ಕೈ ಮಾಡಿ ಕುರ್ಚಿಯಲ್ಲಿ ಕೂತೆ. ಇಡೀ ಏಳನೇ ಇಯತ್ತೆ ಬೆಳಿಗ್ಗೆ ಐದು ಗಂಟೆಗೆ ಏಳುತ್ತದೆಂದು ಇವತ್ತು ತಿಳಿಯಿತು. ಎದ್ದು, ಹಲ್ಲುಜ್ಜಿ, ದೇವರಿಗೆ ಕೈ ಮುಗಿದು, ಗುರುಹಿರಿಯರಿಗೆ ವಂದಿಸಿ ಪಾಠ ಓದುತ್ತದೆ. ಒಂದು ಮಗುವೂ ಬಿಟ್ಟಿಲ್ಲ. ಬೇಗಂ ಬಜಾರಿನ ಅಂಗಡಿ ಸಾಲಿನ ಮೇಲ್ಮಹಡಿಯಲ್ಲಿರುವ ಮಿಲಿಂದನಂತೂ ಹಕ್ಕಿಗಳ ಕಲರವ ಕೇಳಿ ಏಳುತ್ತಾನಂತೆ. ಅಲ್ಲಿ ಬೆಳಿಗ್ಗೆ ಕೇಳುವುದು ಲಾರಿಯಿಂದ ಚೀಲ ಇಳಿಸುವ ಹಮಾಲರ ಬೈಗುಳ.

ಬಾಯಿ ಇದ್ದಿದ್ದರೆ ಅರ್ಧ ಗಂಟೆ ಬೈಯುತ್ತಿದ್ದೆ. ಇಲ್ಲದ್ದರಿಂದ ನೆನಪಾಯಿತು, ಆ ಪ್ರಬಂಧ ಐದನೇ ಇಯತ್ತೆಯಲ್ಲಿ ನಾನೇ ಬಾಯಿಪಾಠ ಮಾಡಿಸಿದ್ದು.

ನಮ್ಮ ಮನೆ ಮಾಲಕಿ ಯಮುನಾಬಾಯಿಯವರ ಮೊಮ್ಮಗಳು ಹರ್ಷಿತಾ ಇದೇ ವರ್ಗದಲ್ಲಿದ್ದಾಳೆ. ಅವಳೂ ಐದಕ್ಕೆ ಏಳುತ್ತಾಳೆಂದು ಬರೆದಿದ್ದಳು. ನನ್ನ ಕೋಣೆ ಅವರ ಮನೆಯ ಮೇಲೆ. ಏಳೂವರೆಗೆ ಅವಳ ಅವ್ವ ಧನಶ್ರೀ ಅವಳನ್ನು ಎಬ್ಬಿಸಲು ಕೂಗುವುದೇ ನನ್ನ ಅಲಾರಂ. ಏನು ಮಾಡಲಿ, ಎಲ್ಲರ ಹಾಳೆಯ ಕೆಳಗೂ ಒಂದೇ ಪ್ರಶ್ನೆ ಬರೆದು ವಾಪಸು ಕೊಟ್ಟೆ: ‘ಐದಕ್ಕೆ ಏಳದ ದಿನ ಏನಾಗುತ್ತದೆ?’

ಜುಲೈ 1, ಮಂಗಳವಾರ

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರೆ. ಬಾಯಿಲ್ಲದವರಿಗೆ ಸುಗ್ಗಿಯಲ್ಲೂ ಕಷ್ಟ. ಬಜಾರಿಗೆ ರವಿಕೆ ಬಟ್ಟೆ ತರಲು ಹೋಗಿದ್ದೆ. ಚೌಕಾಶಿಯಲ್ಲಿ ಹೆಸರಾದವಳು ನಾನು, ಬೆರಳು ಎತ್ತಿ ಇಳಿಸಿ ಎಷ್ಟು ಚೌಕಾಶಿ ಮಾಡಲಾದೀತು? ಅಂಗಡಿಯವನು ನನ್ನನ್ನು ಕಿವುಡಿ ಅಂದುಕೊಂಡು ಹಿಂದಿಯಲ್ಲಿ ಜೋರಾಗಿ ಕಿರುಚಿದ. ಓಣಿಯೆಲ್ಲ ತಿರುಗಿ ನೋಡಿತು. ಬಟ್ಟೆ ಬಿಟ್ಟು ಬಂದೆ.

ಕಲಬುರಗಿಯಿಂದ ತಂಗಿ ಚಿತ್ರಾ ಫೋನ್ ಮಾಡಿದ್ದಳು. ಎತ್ತಿ ಕಿವಿಗೆ ಇಟ್ಟುಕೊಂಡೆ. ಸ್ವಲ್ಪ ಹೊತ್ತು ತಾನೇ ಮಾತಾಡಿದಳು. ಆಮೇಲೆ, “ನೀ ಮಾತಾಡದಿದ್ರ ಗ್ವಾಡೀ ಮುಂದ ಹೇಳಿಧಂಗ ಆಗತೈತಿ ನೋಡಕ್ಕ. ಆರಾಮ ಆದಮ್ಯಾಲೆ ನೀನ ಮಾಡು,” ಅಂದು ಇಟ್ಟಳು. ಗೋಡೆ ಅಂದದ್ದು ಕೋಪದಿಂದಲ್ಲ. ಆದರೂ ಫೋನು ಕೈಯಲ್ಲೇ ಹಿಡಿದು ತುಂಬ ಹೊತ್ತು ಕೂತಿದ್ದೆ.

ಊಟದ ಹೊತ್ತಿಗೆ ಕೆಳಗಿನಿಂದ ಮಾತು ಕೇಳಿಸುತ್ತದೆ. “ಹರ್ಷೀ, ನಿಮ್ಮಪ್ಪಗ ಕೇಳು, ರೊಟ್ಟಿ ಹಾಕ್ಲೋ ಬ್ಯಾಡೋ.” “ಹರ್ಷೀ, ನಿಮ್ಮವ್ವಗ ಹೇಳು, ನನಗ ಹಸಿವಿಲ್ಲ.” “ಹರ್ಷೀ, ಹಂಗಾರ ಮೊದಲ ಹೇಳಬೇಕಿತ್ತು ಅಂತ ಹೇಳು.” ಎಷ್ಟು ಮಾತು ಆ ಮನೆಯಲ್ಲಿ! ಹೊಟ್ಟೆಕಿಚ್ಚಾಗುತ್ತದೆ. ಪುಣ್ಯವಂತರು.

ಜುಲೈ 6, ರವಿವಾರ, ಆಷಾಢ ಏಕಾದಶಿ

ಯಮುನಾಬಾಯಿಯವರು ತಟ್ಟೆಯಲ್ಲಿ ಸಾಬೂದಾಣಿ ಖಿಚಡಿ ಹಿಡಿದು ಮೇಲೆ ಬಂದರು. “ಯಾಕ್ರಿ ಸುಮತಿಬಾಯಿ, ವಾರದ ಮ್ಯಾಲಾತು, ನಿಮ್ಮ ದನೀನ ಇಲ್ಲ. ಮುಂಜಾನಿ ನಿಮ್ಮ ದನೀ ಕೇಳದ ನನಗ ಚಹಾ ರುಚಿ ಹತ್ತವಲ್ದು.” ಹಾಗೆಂದವರು ಒಮ್ಮೆಲೇ ಏನೋ ಹೊಳೆದು ಗಲ್ಲದ ಮೇಲೆ ಕೈ ಇಟ್ಟುಕೊಂಡರು. “ಅಯ್ಯ, ಚಾತುರ್ಮಾಸ ಹಿಡದೀರೇನ್ರಿ? ಮೌನವ್ರತ?”

ನಾನು ತಲೆಯಾಡಿಸಿದೆ. ಹೌದು ಅಂತ.

ಅವರ ಮುಖ ನೋಡಬೇಕಿತ್ತು. “ನಾವು ಬದನೀಕಾಯಿ ಉಳ್ಳಾಗಡ್ಡಿ ಬಿಟ್ಟು ದೊಡ್ಡ ವ್ರತ ಮಾಡೀವಿ ಅಂತೀವಿ. ನೀವು ಮಾತ ಬಿಟ್ರಲ್ರಿ!” ಅಂದು ನನಗಿಂತ ಹಿರಿಯರಾದವರು ನನಗೇ ಕೈ ಮುಗಿದರು.

ಹೌದು ಅನ್ನಲು ಒಂದು ಸಲ ತಲೆಯಾಡಿಸಿದರೆ ಸಾಕು. ಅಲ್ಲ ಅಂತ ತಿಳಿಸಲು ಬರೆಯಬೇಕು, ಬರೆದರೆ ಅವರಿಗೆ ಓದಲು ಬರುವುದಿಲ್ಲ. ಮನೆಯಲ್ಲಿ ಆಡುವುದು ಕನ್ನಡವಾದರೂ ಅವರು ಕಲಿತದ್ದು ಮರಾಠಿ ಸಾಲೆಯಲ್ಲಿ. ಮಗ ದಿನೇಶ ಇಂಗ್ಲಿಷಿನವನು, ಸೊಸೆ ಧನಶ್ರೀ ತೆಲುಗು ಮೀಡಿಯಂ. ಆ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ಹರ್ಷಿತಾ ಒಬ್ಬಳೇ, ಅದೂ ಅಜ್ಜಿ ಹಟ ಹಿಡಿದು ನಮ್ಮ ಶಾಲೆಗೆ ಹಾಕಿಸಿದ್ದರಿಂದ. ಸುಳ್ಳು ಯಾಕೆ, ಇದೆಲ್ಲ ನೆಪ. ಗಂಟಲ ಗಡ್ಡೆ ಅಂತ ಓಣಿಯವರು ಅಯ್ಯೋ ಅನ್ನುವುದಕ್ಕಿಂತ ವ್ರತ ಅಂತ ಕೈ ಮುಗಿಯುವುದು ನನಗೆ ಹಿತವಾಯಿತು. ಖಿಚಡಿಗೆ ಶೇಂಗಾ ಪುಡಿ ಸರಿಯಾಗಿ ಬಿದ್ದಿತ್ತು.

ಜುಲೈ 9, ಬುಧವಾರ

ವ್ರತದ ಸುದ್ದಿ ಶಾಲೆಯನ್ನೂ ಮುಟ್ಟಿದೆ. ನಾನು ವರ್ಗಕ್ಕೆ ಹೋದರೆ ಮಕ್ಕಳು ದೇವರ ಕೋಣೆಗೆ ಬಂದವರಂತೆ ಕಾಲು ಸದ್ದಾಗದ ಹಾಗೆ ಕೂರುತ್ತಾರೆ. ನಿಜ ಗೊತ್ತಿರುವ ನರಸಿಂಹ ಸರ್ ನನ್ನನ್ನು ನೋಡಿ ಮೀಸೆಯಲ್ಲೇ ನಕ್ಕರು. ಇಷ್ಟು ಶಾಂತ ವರ್ಗ ನನ್ನ ಬಾಯಿ ಇದ್ದಾಗ ಒಂದು ದಿನವೂ ಆಗಿರಲಿಲ್ಲ, ಆ ಮಾತು ಬೇರೆ.

ಹಾಳೆಗಳು ಬದಲಾಗಿವೆ. ಮಿಲಿಂದ ಬರೆದಿದ್ದಾನೆ: ‘ಐದಕ್ಕ ನಾ ಯಾವತ್ತೂ ಏಳಂಗಿಲ್ಲ ಟೀಚರ್. ನಾ ಎದ್ದಾಗ ಮನ್ಯಾಗ ಯಾರೂ ಇರಂಗಿಲ್ಲ. ಚಹಾ ನಾನ ಮಾಡ್ಕೋತೀನಿ. ಸಕ್ಕರಿ ಭಾಳ ಹಾಕ್ತೀನಿ. ಬೈಯಾಕ ಯಾರಿಲ್ಲ.’ ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದವಳು ಮತ್ತೆ ಹಾಕಿದೆ. ಕೆಳಗೆ ‘ಎಷ್ಟು ಚಮಚ?’ ಅಂತ ಬರೆದೆ.

ಉಳಿದವರಲ್ಲಿ ಕೆಲವರು ಇನ್ನೂ ಪ್ರಬಂಧದ ದಾರಿ ಬಿಟ್ಟಿಲ್ಲ. ಆದರೆ ಹರ್ಷಿತಾಳದು ಚೆನ್ನಾಗಿತ್ತು. ‘ನಾನು ಮನೆಯಲ್ಲಿ ಎಲ್ಲರಿಗೂ ಸಹಾಯ ಮಾಡುತ್ತೇನೆ. ಅಪ್ಪ ಹೇಳಿದ್ದನ್ನು ಅವ್ವಗೆ ಹೇಳುತ್ತೇನೆ. ಅವ್ವ ಹೇಳಿದ್ದನ್ನು ಅಪ್ಪಗೆ ಹೇಳುತ್ತೇನೆ. ದಿನಾ ಹೇಳುತ್ತೇನೆ. ರಜೆ ಇರುವುದಿಲ್ಲ.’ ದುಂಡನೆಯ ಅಕ್ಷರ, ಒಂದೂ ತಪ್ಪಿಲ್ಲ. ‘ಬಹಳ ಒಳ್ಳೆಯ ಗುಣ. ಹೀಗೇ ಮುಂದುವರಿಸು’ ಅಂತ ಬರೆದು ಒಂದು ನಕ್ಷತ್ರವನ್ನೂ ಹಾಕಿದೆ.

ಜುಲೈ 11, ಶುಕ್ರವಾರ

ಮಿಲಿಂದನ ಉತ್ತರ: ‘ನಾಲ್ಕು.’ ನಗು ಬಂತು. ನಗುವಾಗಲೂ ಸದ್ದು ಮಾಡಬಾರದು.

ಹರ್ಷಿತಾ ಖಾಲಿ ಹಾಳೆ ಕೊಟ್ಟಳು. ಹೊಟ್ಟೆನೋವಿರಬೇಕು.

ಜುಲೈ 15, ಮಂಗಳವಾರ

ಸಂಜೆ ಮೆಟ್ಟಿಲ ಮೇಲೆ ಯಮುನಾಬಾಯಿಯವರು ತಡೆದು ನಿಲ್ಲಿಸಿದರು. ಮುಖ ಊರಗಲ ಅರಳಿತ್ತು. “ನಿಮ್ಮನ್ನ ನೋಡಿ ನಮ್ಮ ಹರ್ಷೀನೂ ಮೌನ ಹಿಡದಾಳ್ರಿ! ಶನಿವಾರದಿಂದ ಒಂದ್ ಮಾತಿಲ್ಲ. ಈ ವಯಸ್ಸಿನ್ಯಾಗ ಇಂಥ ನಿಷ್ಠಾ ಎಲ್ಲಿ ಬರತೈತಿ ಹೇಳ್ರಿ.” ಹಿಂದೆ ಹರ್ಷಿತಾ ನಿಂತಿದ್ದಳು. ಎರಡು ಜಡೆ, ಸಾಲಿ ಚೀಲ, ತುಟಿ ಒತ್ತಿ ಹಿಡಿದಿದ್ದಳು. ಅವಳ ತಲೆ ಸವರಿದೆ.

ಮೂವತ್ತು ವರ್ಷ ಮಾತಾಡಿ ಒಬ್ಬರನ್ನೂ ನನ್ನ ಹಾಗೆ ಮಾಡಲು ಆಗಲಿಲ್ಲ. ಬಾಯಿ ಮುಚ್ಚಿದ ಮೂರೇ ವಾರಕ್ಕೆ ಒಬ್ಬ ಶಿಷ್ಯೆ ಸಿಕ್ಕಳು. ಹೆಮ್ಮೆಯಾಯಿತು. ನಾಚಿಕೆಯೂ ಆಗಬೇಕಿತ್ತು, ಆಗಲಿಲ್ಲ.

ಜುಲೈ 18, ಶುಕ್ರವಾರ

ಸಂಜೆ ಬಾಗಿಲು ಬಡಿದ ಸದ್ದು. ತೆಗೆದರೆ ಹರ್ಷಿತಾ. ಒಳಗೆ ಬಂದು ಚಾಪೆಯ ಮೇಲೆ ಕೂತಳು. ನಾನು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದೆ, ಅರ್ಧ ಕಟ್ಟು ತನ್ನ ಕಡೆಗೆ ಎಳೆದುಕೊಂಡು ಬಿಡಿಸತೊಡಗಿದಳು. ಸೊಪ್ಪು ಮುಗಿಯಿತು. ಚಹಾ ಕೊಟ್ಟೆ. ಕುಡಿದಳು. ಕಿಟಕಿಯಿಂದ ಸುಲ್ತಾನ್ ಬಜಾರಿನ ದೀಪಗಳನ್ನು ನೋಡುತ್ತ ಕೂತೆವು. ಕೆಳಗೆ ಯಾರ ಸದ್ದೂ ಇರಲಿಲ್ಲ. ಈ ವಾರ ಕೆಳಗೆ ಸದ್ದೇ ಇಲ್ಲ ಅನ್ನುವುದು ಆಗ ಲಕ್ಷ್ಯಕ್ಕೆ ಬಂತು. ವ್ರತದ ಮನೆ, ಶಾಂತವಾಗಿದೆ.

ನನ್ನ ಜೊತೆ ಯಾರಾದರೂ ಸುಮ್ಮನೆ ಬಂದು ಕೂತು ಎಷ್ಟು ಕಾಲವಾಗಿತ್ತು. ಮಾತಾಡುವವಳಾಗಿದ್ದಾಗ ಎಲ್ಲರೂ ಕೆಲಸವಿದೆ ಅಂತ ಎದ್ದು ಹೋಗುತ್ತಿದ್ದರು. ಸಂತೋಷವಾಯಿತು. ಇಲ್ಲಿ ನೋಡುವವರು ಯಾರಿದ್ದಾರೆ, ಬರೆದೇಬಿಡುತ್ತೇನೆ: ಭಾಳ ಸಂತೋಷವಾಯಿತು. ನಾಳೆಯೂ ಬರಲಿ.

ಜುಲೈ 19, ಶನಿವಾರ

ಬಂದಳು.

ಜುಲೈ 20, ರವಿವಾರ

ಇವತ್ತು ಬೋನಾಲು, ಅಮ್ಮನವರಿಗೆ ಬೋನದ ಅನ್ನ ಒಪ್ಪಿಸುವ ಹಬ್ಬ. ಬೆಳಿಗ್ಗೆಯಿಂದ ಓಣಿಯ ತುಂಬ ತಮಟೆ, ಧ್ವನಿವರ್ಧಕ, ತಲೆಯ ಮೇಲೆ ಬೋನದ ಗಡಿಗೆ ಹೊತ್ತ ಹೆಂಗಸರು. ಕಿಟಕಿಯಲ್ಲಿ ಪಕ್ಕಪಕ್ಕ ನಿಂತು ನೋಡಿದೆವು, ನಾನೂ ಹರ್ಷಿತಾಳೂ. ಇಷ್ಟು ಗದ್ದಲದಲ್ಲಿ ನಾವು ಮೂಕರೆಂದು ಯಾರಿಗೂ ತಿಳಿಯದು.

ಕೆಳಗಿಳಿಯುವ ಮುಂಚೆ ಅವಳು ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ಏನೋ ಕೇಳುವವಳ ಹಾಗೆ. ನಾನು ಕೈ ಬೀಸಿದೆ.

ಜುಲೈ 22, ಮಂಗಳವಾರ

ಧನಶ್ರೀ ಬಂದಿದ್ದಳು. ಶಾಲೆಯಿಂದ ಬಂದು ನಾನಿನ್ನೂ ಸೀರೆ ಬದಲಿಸಿರಲಿಲ್ಲ. ಬಂದವಳೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ಸುಮತಕ್ಕಾ, ಅಕೀಗೆ ಬಿಡಾಕ ಹೇಳ್ರಿ. ನೀವು ಹೇಳಿದ್ರ ಕೇಳತಾಳ. ಅತ್ತಿಯವರು ವ್ರತ ವ್ರತ ಅಂತ ಮೊದಲ ಕುಣದಾಡಿದ್ರು, ಈಗ ಅವರಿಗೂ ಹೆದರಿಕಿ ಹತ್ತೇತಿ. ನಿನ್ನಿ ನಾ ಹೊಡದೆ. ಹೊಡದ್ರೂ ಬಾಯಿ ಬಿಡಲಿಲ್ಲ, ಅಳಲೂ ಇಲ್ಲ.”

ನಾನು ಅವಳಿಗೆ ನೀರು ಕೊಟ್ಟೆ. ಕುಡಿದು, ತಂಬಿಗೆ ನೋಡುತ್ತಲೇ ಮಾತು ಮುಂದುವರಿಸಿದಳು.

“ನಿಮಗ ಗೊತ್ತಿಲ್ಲೇನ್ರಿ, ನಾವಿಬ್ಬರೂ ಮಾತಾಡಲಾರದ ವರ್ಷ ಆಗಾಕ ಬಂತು. ಒಂದು ಮಾತಿಗೆ ಸುರು ಆತು. ಈಗ ಯಾವ ಮಾತು ಅನ್ನೂ ನೆನಪೂ ಇಲ್ಲ. ಹರ್ಷೀ ಇದ್ಲು, ನಡೀತಿತ್ತು. ಈಗ ಅಕೀನೂ ಬಾಯಿ ಮುಚ್ಚಿದ ಮ್ಯಾಲೆ ನಿನ್ನಿ ಅವರು ಗ್ವಾಡೀಗೆ ಹೇಳತಾರ, ‘ಚಹಾ ಆಗೇತೇನು’ ಅಂತ. ನಾನೂ ಗ್ವಾಡೀಗೆ ಹೇಳಿದೆ, ‘ಆಗೇತಿ’ ಅಂತ.” ನಗಲು ಹೋಗಿ ಅವಳ ಮುಖ ಅಳುವ ಹಾಗಾಯಿತು.

ಅವಳು ಹೋದ ಮೇಲೆ ಹಾಳೆಗಳ ಕಟ್ಟು ಬಿಚ್ಚಿ ಹರ್ಷಿತಾಳ ಹಾಳೆ ಹುಡುಕಿದೆ. ‘ದಿನಾ ಹೇಳುತ್ತೇನೆ. ರಜೆ ಇರುವುದಿಲ್ಲ.’ ಅದರ ಕೆಳಗೆ ನನ್ನ ಕೆಂಪು ಅಕ್ಷರ, ‘ಬಹಳ ಒಳ್ಳೆಯ ಗುಣ. ಹೀಗೇ ಮುಂದುವರಿಸು.’ ನಕ್ಷತ್ರ ಬೇರೆ. ಆ ಹುಡುಗಿ ಯಾರ ಹತ್ತಿರವೂ ಹೇಳದ್ದನ್ನು ನನ್ನ ಹತ್ತಿರ ಹೇಳಿದ್ದಳು. ನಾನು ಅಕ್ಷರ ದುಂಡಗಿದೆಯೋ ಇಲ್ಲವೋ ನೋಡಿದೆ. ಗೋಡೆಗೆ ತಲೆ ಒರಗಿಸಿ ಕೂತೆ. ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

ಆರು ಗಂಟೆಗೆ ಅವಳೇ ಬಂದಳು, ದಿನದ ಹಾಗೆ. ಪಾಟಿ ಬಳಪ ತೆಗೆದು ಬರೆದೆ: ‘ಮೌನ ಬಿಟ್ಟುಬಿಡು ಮಗಾ.’ ಅವಳು ಓದಿ, ಒರೆಸಿ, ಬರೆದಳು: ‘ನೀವು ಬಿಟ್ರ ನಾನೂ ಬಿಡತೀನಿ.’

ಬಾಯಿ ತೆರೆದೆ. ದೇವರಾಣೆ ತೆರೆದೆ. ಒಂದೇ ಒಂದು ಮಾತು ಆಡಿದರೆ ಮುಗಿಯಿತು, ಹುಡುಗಿ ಕೆಳಗಿಳಿದು ಮಾತಾಡುತ್ತಾಳೆ. ಮತ್ತೆ ಅದೇ ಮನೆ, ‘ಹರ್ಷೀ, ನಿಮ್ಮಪ್ಪಗ ಹೇಳು.’ ನನ್ನ ಗಂಟಲೂ ಹೋಗುತ್ತದೆ, ಅವಳ ಹಟವೂ ಹೋಗುತ್ತದೆ, ಯಾರಿಗೂ ಏನೂ ಸಿಗುವುದಿಲ್ಲ. ಬಾಯಿ ಮುಚ್ಚಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

ನಿಜ ಹೇಳಲೇಬೇಕು. ಹೇಳಿದರೆ ಅವಳು ನಾಳೆಯಿಂದ ಮೇಲೆ ಬರುವುದಿಲ್ಲ. ಸುಳ್ಳುಗಾತಿಯ ಜೊತೆ ಸೊಪ್ಪು ಬಿಡಿಸಲು ಯಾರು ಬರುತ್ತಾರೆ? ಬೆಳಿಗ್ಗೆಯಿಂದ ಸಂಜೆ ಆರು ಗಂಟೆಗಾಗಿ ಕಾಯುತ್ತೇನೆಂದು ಇಷ್ಟು ದಿನ ಈ ಡೈರಿಗೂ ಹೇಳಿರಲಿಲ್ಲ.

ಜುಲೈ 23, ಬುಧವಾರ

ಶಾಲೆ ಬಿಟ್ಟ ಮೇಲೆ ಖಾಲಿ ವರ್ಗದಲ್ಲೇ ಕೂತು ಬರೆದೆ. ಎಷ್ಟು ಸಲ ಹರಿದೆನೋ. ಕೊನೆಗೆ ಉಳಿದದ್ದು ಇಷ್ಟು:

‘ಹರ್ಷಿತಾ, ನನ್ನದು ವ್ರತ ಅಲ್ಲ. ಗಂಟಲಲ್ಲಿ ಗಂಟಾದ ಬೇನೆ. ಡಾಕ್ಟರು ಮಾತು ಬಿಡಿಸಿದ್ದಾರೆ. ನಿಮ್ಮ ಅಜ್ಜಿ ಕೇಳಿದಾಗ ಹೌದು ಅಂತ ತಲೆಯಾಡಿಸಿದ್ದು ನನ್ನ ಸುಳ್ಳು. ಮಾತಿಲ್ಲದೆ ಇರುವುದರಲ್ಲಿ ಪುಣ್ಯ ಏನೂ ಇಲ್ಲ, ಭಾಳ ಒಂಟಿ ಅನಿಸುತ್ತದೆ. ನೀನು ಬಂದು ಕೂತದ್ದರಿಂದ ನನಗೆ ಒಳ್ಳೆಯದಾಯಿತು, ಅದಕ್ಕೇ ನಿಜ ಹೇಳದೆ ಸುಮ್ಮನಿದ್ದೆ. ನಿನ್ನ ಹಾಳೆ ಓದಿದೆ ಅಂದುಕೊಂಡಿದ್ದೆ. ಓದಿರಲಿಲ್ಲ. ಸುಮತಿ ಟೀಚರ್.’

ಅವಳು ಮೇಲೆ ಬರುವುದನ್ನು ಕಾಯದೆ ನಾನೇ ಕೆಳಗೆ ಹೋದೆ. ಕಾದರೆ ಧೈರ್ಯ ಹೋಗುತ್ತದೆಂದು ಗೊತ್ತಿತ್ತು. ಅವಳ ಕೈಗೆ ಮಾತ್ರ ಕೊಟ್ಟು ಬರುವುದೆಂದು ನನ್ನ ಲೆಕ್ಕ. ಆದರೆ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ದಿನೇಶ ಅಂಗಡಿಯಿಂದ ಬೇಗ ಬಂದಿದ್ದ, ಬಾಗಿಲ ಹತ್ತಿರ ಚಪ್ಪಲಿ ಕಳಚುತ್ತಿದ್ದ. ಧನಶ್ರೀ ಅಡುಗೆಮನೆಯ ಹೊಸ್ತಿಲಲ್ಲಿ. ನನ್ನ ಕೈಯಿಂದ ಹಾಳೆ ಹರ್ಷಿತಾಳ ಕೈಗೆ ಹೋದದ್ದೇ ಯಮುನಾಬಾಯಿಯವರು ಮಣೆಯಿಂದ ಎದ್ದರು. “ಟೀಚರ್ ಏನ ಬರಕೊಟ್ಟಾರ? ಓದ ಹರ್ಷೀ. ನಿನ್ನ ಬಿಟ್ರ ಇಲ್ಲಿ ಯಾರಿಗೆ ಬರತೈತಿ ಓದಾಕ?”

ಆಗ ನನಗೆ ಹೊಳೆಯಿತು. ಯಾವ ಕೆಲಸ ಮಾಡಿ ಮಾಡಿ ಆ ಹುಡುಗಿಯ ಬಾಯಿ ಮುಚ್ಚಿತೋ ಅದೇ ಕೆಲಸವನ್ನು ನಾನೂ ಅವಳ ಕೈಗೆ ಕೊಟ್ಟಿದ್ದೆ. ಇನ್ನೊಬ್ಬರ ಮಾತು ಹೊತ್ತು ಇನ್ನೊಬ್ಬರಿಗೆ ಮುಟ್ಟಿಸುವುದು. ಬೇಡ ಅಂತ ಕೈ ಅಡ್ಡ ಮಾಡಿದೆ. ಹರ್ಷಿತಾ ನನ್ನ ಕೈ ನೋಡಲಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು, ತುಟಿ ಅಲುಗುತ್ತಿದ್ದವು. ಓದಿ ಮುಗಿಸಿ ನನ್ನ ಮುಖ ನೋಡಿದಳು. ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಮತ್ತೆ ಮೊದಲಿಂದ, ಜೋರಾಗಿ ಓದಿದಳು.

ಇಷ್ಟು ದಿನ ಬಳಸದ ಧ್ವನಿ, ಒಡೆದು ಒಡೆದು ಬರುತ್ತಿತ್ತು. ಧನಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೆ ಹುಡುಗಿ ಮಾತಾಡಿದ್ದಕ್ಕೆ ಸಂತೋಷ ಪಡಲೂ ಯಾರಿಗೂ ಪುರಸೊತ್ತಿರಲಿಲ್ಲ, ಓದಿದ ಸುದ್ದಿ ಹಾಗಿತ್ತು. ‘ಸುಳ್ಳು’ ಅನ್ನುವ ಮಾತಿಗೆ ಯಮುನಾಬಾಯಿಯವರು ನನ್ನ ಕಡೆ ತಿರುಗಿದರು. “ಏಕಾದಶಿ ದಿವಸ, ಸುಮತಿಬಾಯಿ? ನಾ ನಿಮಗ ಕೈ ಮುಗದೆ ಅಲ್ರಿ.” ನಾನು ತಲೆ ತಗ್ಗಿಸಿ ನಿಂತೆ. ಭೂಮಿ ಬಾಯಿಬಿಡಬಾರದೇ ಅನಿಸಿತು. ಹರ್ಷಿತಾ ನಿಲ್ಲಿಸದೆ ಓದಿದಳು. ‘ಓದಿರಲಿಲ್ಲ’ ತನಕ ಓದಿದಳು, ‘ಸುಮತಿ ಟೀಚರ್’ ಅಂತ ನನ್ನ ಸಹಿಯನ್ನೂ ಓದಿದಳು.

ಅಲ್ಲಿಗೆ ನನ್ನ ಬರಹ ಮುಗಿದಿತ್ತು. ಅವಳ ಓದು ಮುಗಿಯಲಿಲ್ಲ.

“ಹರ್ಷಿತಾಂದೂ ವ್ರತ ಅಲ್ಲ,” ಅಂತ ಓದಿದಳು. “ಅಕೀಗೂ ಬ್ಯಾನೀನ. ಅಪ್ಪನ ಮಾತು ಅವ್ವಗ, ಅವ್ವನ ಮಾತು ಅಪ್ಪಗ ಹೊತ್ತು ಹೊತ್ತು ಅಕೀ ಗಂಟಲಾಗೂ ಗಂಟಾಗೇತಿ. ಅಪ್ಪ ಸಿಟ್ಟಲೆ ಹೇಳಿದ್ದನ್ನ ಅಕೀ ಸಮಾಧಾನಲೆ ಹೇಳತಾಳ. ಅವ್ವ ಅಳಕೋತ ಹೇಳಿದ್ದನ್ನ ನಕ್ಕೋತ ಹೇಳತಾಳ. ಅಕೀ ತನ್ನ ಮಾತು ಆಡೂದರಾಗ ಊಟ ಮುಗದಿರತೈತಿ.”

ಯಾವಾಗ ಇದನ್ನು ಬರೆದೆ ಅಂತ ಒಂದು ಗಳಿಗೆ ನಾನೇ ತಬ್ಬಿಬ್ಬಾದೆ. ಪಕ್ಕಕ್ಕೆ ಸರಿದು ನೋಡಿದೆ. ಹಾಳೆಯ ಕೆಳಗಿನ ಅರ್ಧ ಖಾಲಿ. ಆ ಖಾಲಿ ಜಾಗದ ಮೇಲೆ ಅವಳು ಬೆರಳಿಟ್ಟಿದ್ದಳು. ಒಂದು ಮಾತು ಮುಗಿದಾಗ ಬೆರಳನ್ನು ಒಂದು ಸಾಲು ಕೆಳಗೆ ಇಳಿಸುತ್ತಿದ್ದಳು.

“ಅಕೀ ಸುಮ್ಮನಾದ್ರ ನೀವು ಒಬ್ಬರಿಗೊಬ್ಬರು ಮಾತಾಡತೀರಿ ಅಂತ ತಿಳಕೊಂಡಿದ್ಲು. ನೀವು ಗ್ವಾಡೀ ಜೋಡಿ ಮಾತಾಡಿದ್ರಿ.” ಬೆರಳು ಕಾಗದದ ಅಂಚಿಗೆ ಬಂದಿತ್ತು. “ಇನ್ನ ಮ್ಯಾಲೆ ಅಕೀ ಮಾತಾಡತಾಳ. ನಿಮ್ಮ ಮಾತು ಒಯ್ಯಂಗಿಲ್ಲ. ಇಷ್ಟ ಬರದಾರ.”

ದಿನೇಶ ಒಂದು ಕಾಲಿಗೆ ಚಪ್ಪಲಿ ಇಟ್ಟುಕೊಂಡೇ ನಾಲ್ಕು ಹೆಜ್ಜೆ ಒಳಗೆ ಬಂದ. ಕೈ ಚಾಚಿದ. “ತಾ ಇಲ್ಲಿ, ನೋಡೋಣು.”

ಅವನಿಗೆ ಕನ್ನಡ ಓದಲು ಬಾರದಿರಬಹುದು. ಖಾಲಿ ಕಾಗದ ಯಾವ ಭಾಷೆಯವರಿಗಾದರೂ ತಿಳಿಯುತ್ತದೆ. ಹರ್ಷಿತಾ ನನ್ನ ಕಡೆ ನೋಡಿದಳು. ನಾನು ನಡುವೆ ನುಗ್ಗಿ ಹಾಳೆ ಕಸಿದುಕೊಂಡೆ. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚಿದೆ.

“ಟೀಚರ್, ಇದೆಲ್ಲಾ ನೀವ ಬರದೀರಾ?” ದಿನೇಶ ಕೇಳಿದ. ಕಣ್ಣು ಕೆಂಪಾಗಿತ್ತು. “ನಮ್ಮ ಮನೀ ಸುದ್ದಿ?”

ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ಹೌದು ಅಂತ ತಲೆಯಾಡಿಸಿದೆ. ಬೈಯುವುದಿದ್ದರೆ ನನ್ನನ್ನು ಬೈಯಲಿ. ಮನೆ ಬಿಡು ಅಂದರೆ ಬಿಡುತ್ತೇನೆ, ಈ ಊರಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕೀತು. ಯಮುನಾಬಾಯಿಯವರು ಏನೋ ಅನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಧನಶ್ರೀ, “ಅವರನ್ನ ಯಾಕ ಕೇಳತೀರಿ?” ಅಂದಳು. ಹೊಸ್ತಿಲಲ್ಲೇ ನಿಂತು, ಗಂಡನ ಮುಖಕ್ಕೆ ನೇರವಾಗಿ. “ನನ್ನ ಕೇಳ್ರಿ. ನಾ ಇಲ್ಲೇ ನಿಂತೀನಿ.”

ನಾನು ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಬಂದೆ. ಯಾರೂ ಕರೆಯಲಿಲ್ಲ, ಕರೆಯುವ ಹೊತ್ತೂ ಅದಾಗಿರಲಿಲ್ಲ. ಹರ್ಷಿತಾಳನ್ನು ಒಂದು ಸಲ ತಿರುಗಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅಪ್ಪ ಅವ್ವನನ್ನು ನೋಡುತ್ತಿದ್ದಳು.

ನಾಳೆ ಡಾಕ್ಟರ ಹತ್ತಿರ ಹೋಗುವುದಿದೆ. ಮತ್ತೆ ನಳಿಕೆ ಇಳಿಸಿ ಗಂಟು ಕರಗಿವೆಯೋ ಇಲ್ಲವೋ ನೋಡುತ್ತಾನೆ. ಚೀಟಿ ಕಣ್ಣಿಗೆ ಬಿದ್ದು ಈಗ ನೆನಪಾಯಿತು, ಮರೆತೇ ಹೋಗಿತ್ತು.

ಆರು ಗಂಟೆಗೆ ಹರ್ಷಿತಾ ಬರಲಿಲ್ಲ. ಎರಡು ಲೋಟ ಚಹಾ ಮಾಡಿದ್ದೆ, ಎರಡನ್ನೂ ನಾನೇ ಕುಡಿದೆ. ಕೆಳಗೆ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ. ಓಣಿಗೆಲ್ಲ ಕೇಳುವಷ್ಟು ಜೋರು. ಅವಳು ಒಂದು ಅಂದರೆ ಅವನು ಎರಡು ಅನ್ನುತ್ತಾನೆ, ವರ್ಷದ ಬಾಕಿ ಮಾತೆಲ್ಲ ಇವತ್ತೇ ತೀರಿಸುವವರ ಹಾಗೆ. ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಅಲ್ಲೇ ಕೂತೆ. ಒಂದು ತಾಸಾಯಿತು ಕೇಳುತ್ತಿದ್ದೇನೆ. ‘ಹರ್ಷೀ’ ಅಂತ ಒಬ್ಬರೂ ಅಂದಿಲ್ಲ.